ಹೊಳೆಹುಲ್ಲಿಗೊಂದು ದೀಪ

ನನ್ನ ಕಸುಬು ಬೆಳಕಿನದು. ಮದುವೆ, ಉರುಸು, ಗೃಹಪ್ರವೇಶ, ಸಭೆ ಸಮಾರಂಭ, ಏನೇ ಇರಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲ್ಲೂಕಿನಲ್ಲಿ ಶಾಮಿಯಾನ ಹೊಡೆದು ಲೈಟಿಂಗ್ ಮಾಡುವವನು ನಾನು. ಮಂಗಲ ಕಾರ್ಯಾಲಯದ ಮುಂದಿನ ಬೇವಿನ ಮರಕ್ಕೆ ಬುಡದಿಂದ ತುದಿಯವರೆಗೆ ಬಲ್ಬಿನ ಸರ ಸುತ್ತಿ ಸ್ವಿಚ್ ಒತ್ತಿದ ಕೂಡಲೆ ಬೀಗರು ಮಾತು ನಿಲ್ಲಿಸಿ ಮೇಲೆ ನೋಡಬೇಕು. ನೋಡದಿದ್ದರೆ ಆ ದಿನ ನನಗೆ ಊಟ ಸೇರುವುದಿಲ್ಲ. ಹೆಚ್ಚು ಬೆಳಕೇ ಒಳ್ಳೆಯ ಬೆಳಕು ಎಂಬುದು ನಮ್ಮ ಕಸುಬಿನವರ ನಂಬಿಕೆ. ಹಗಲನ್ನೇ ನಾಚಿಸುತ್ತೇನೆ ಎಂದು ಗಿರಾಕಿಗಳ ಮುಂದೆ ಮೀಸೆ ತಿರುವುತ್ತಿದ್ದ ನಾನು, ಒಂದು ಹಿಡಿ ಹುಲ್ಲಿಗೆ ಬೆಳಕು ಕೊಡಲು ಹೋಗಿ ತಡವರಿಸಿದ ಕಥೆ ಇದು.

ಗಾಜಿನ ತೊಟ್ಟಿ ನಮ್ಮ ಮನೆಗೆ ಬಂದದ್ದೂ ಕಸುಬಿನ ದೆಸೆಯಿಂದಲೇ. ಬಸವನ ಬಾಗೇವಾಡಿಯ ಒಂದು ರಿಸೆಪ್ಷನ್ನಿನಲ್ಲಿ ವೇದಿಕೆಯ ಮೇಲೆ ಮೀನಿನ ತೊಟ್ಟಿ ಇರಲೇಬೇಕೆಂದು ಮದುಮಗಳ ಹಟ. ತರಿಸಿ ಇಟ್ಟೆವು. ಮದುವೆ ಮುಗಿಯಿತು, ಗಂಡಿನವರು ಹೋದರು, ಹೆಣ್ಣಿನವರೂ ಹೋದರು, ಮೀನುಗಳು ಮಾತ್ರ ಉಳಿದವು. ಹೆಣ್ಣಿನವರಿಗೆ ಫೋನ್ ಮಾಡಿ ಕೇಳಿದರೆ, "ನೀವ ಇಟ್ಕೊಳ್ರಿ, ನಾವೆಲ್ಲಿ ಇಡೂದು" ಎಂದರು. ಕುರ್ಚಿ, ಶಾಮಿಯಾನದ ಕನಾತುಗಳ ನಡುವೆ ತೊಟ್ಟಿಯನ್ನು ಟೆಂಪೊದಲ್ಲಿ ಕೂರಿಸಿ, ಮೀನುಗಳನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ತೊಡೆಯ ಮೇಲಿಟ್ಟುಕೊಂಡು ಇಂಡಿಗೆ ಬಂದೆ. ದಾರಿಯುದ್ದಕ್ಕೂ ಅವು ನನ್ನನ್ನೇ ನೋಡುತ್ತಿದ್ದವು.

ಪಡಸಾಲೆಯಲ್ಲಿ ಕೂತಿದ್ದ ಅಮ್ಮ ಸದ್ದಿಗೆ ಎದ್ದು ಬಂದಳು. ನಮ್ಮ ಮನೆಯಲ್ಲಿ ಉರ್ದು ಕನ್ನಡ ಎರಡೂ ಕಲಸಿ ಓಡಾಡುತ್ತವೆ, ಆದರೆ ಅಮ್ಮನದು ತವರಿನ ಕನ್ನಡ. ಅವಳು ಭೀಮಾ ದಂಡೆಯ ಅಗರಖೇಡದವಳು. ಹೊಳೆಯ ಮೀನಿನ ಸಾರಿನ ಮೇಲೆ ಬೆಳೆದವಳು. ಚೀಲಕ್ಕೆ ಮುಖ ಹತ್ತಿಸಿ ನೋಡಿ, "ತಿನ್ನಾಕ ಬರೂದಿಲ್ಲ, ಮಾರಾಕ ಬರೂದಿಲ್ಲ. ಇಷ್ಟಿಷ್ಟು ಮೀನ ತಗೊಂಡು ಏನ್ ಮಾಡಾವ?" ಎಂದಳು.

ಮುಖ ಹತ್ತಿಸಿ ನೋಡುವುದು ಅವಳಿಗೆ ಆಗಲೇ ರೂಢಿಯಾಗಿತ್ತು. ಅದಕ್ಕೆ ಸ್ವಲ್ಪ ದಿನ ಮೊದಲು ವಿಜಯಪುರದ ಕಣ್ಣಿನ ಡಾಕ್ಟರರಿಗೆ ತೋರಿಸಿ ಬಂದಿದ್ದೆವು. ಕಣ್ಣೊಳಗಿನ ಒತ್ತಡ ಏರಿ ನರ ಒಣಗುತ್ತಿದೆ ಎಂದಿದ್ದರು. ಡಾಕ್ಟರರು ತಮ್ಮ ಮುಷ್ಟಿಯನ್ನು ಕೊಳವೆಯಂತೆ ಮಾಡಿ ಕಣ್ಣಿಗೆ ಹಿಡಿದು, "ನಿಮ್ಮ ತಾಯಿಯವರಿಗೆ ಹಿಂಗ ಕಾಣಸ್ತೈತಿ ನೋಡ್ರಿ. ಸುತ್ತಲಿಂದು ಹೋಗೇತಿ. ಹೋದದ್ದು ತಿರುಗಿ ಬರೂದಿಲ್ರಿ. ದಿನಾ ತಪ್ಪದ ಹನಿ ಹಾಕ್ರಿ, ಇದ್ದಷ್ಟು ಉಳಿಸ್ಕೊಳ್ಳೂಣು" ಎಂದರು. ನನಗೂ ಹಾಗೆ ಕೈ ಮಾಡಿ ನೋಡಲು ಹೇಳಿದರು. ನನಗೆ ಧೈರ್ಯ ಬರಲಿಲ್ಲ. ಔಷಧಿ ಚೀಟಿ ತೆಗೆದುಕೊಂಡು ಹೊರಬಂದೆ.

ಮನೆಯಲ್ಲಿ ಅಮ್ಮ ಹೊರಸಿನ ಕಾಲಿಗೆ ಎಡವುತ್ತಿದ್ದಳು. ಪಕ್ಕದಲ್ಲೇ ಇಟ್ಟ ಚಹಾದ ಕಪ್ಪು ಕಾಣದೆ ಕೈ ತಾಗಿಸಿ ಚೆಲ್ಲುತ್ತಿದ್ದಳು. ಚೆಲ್ಲಿದ್ದಕ್ಕೆ ಕಪ್ಪನ್ನೇ ಬೈಯುತ್ತಿದ್ದಳು. ಮೊದಲು ಓಣಿಯ ಸುದ್ದಿಯೆಲ್ಲ ಅವಳ ಹತ್ತಿರ ಇರುತ್ತಿತ್ತು. ಈಗ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಳು. ತೊಟ್ಟಿಯನ್ನು ಪಡಸಾಲೆಯ ಕಲ್ಲಿನ ಕಟ್ಟೆಯ ಮೇಲೆ ಇಟ್ಟದ್ದು ಅಲ್ಲಿ ಜಾಗವಿತ್ತೆಂದು, ಬೇರೇನೂ ಕಾರಣವಿಲ್ಲ. ಆದರೆ ಕೆಲವೇ ದಿನಗಳಲ್ಲಿ ಅವಳು ತನ್ನ ಮಣೆಯನ್ನು ಅದರ ಮುಂದೆ ಎಳೆದುಕೊಂಡು ಕೂರತೊಡಗಿದಳು.

ಒಂದು ದಿನ ಕೇಳಿದಳು. "ಹುಲ್ಲಿಲ್ಲದ ನೀರಾಗ ಇವು ಹೆಂಗ ಇರ್ತಾವು? ನಮ್ಮ ಅಗರಖೇಡದ ಹೊಳಿ ಬ್ಯಾಸಿಗ್ಯಾಗ ತಿಳಿ ಆಗ್ತಿತ್ತು. ತಳದಾಗ ಉದ್ದ ಉದ್ದ ಹುಲ್ಲು, ರಿಬ್ಬನ್ ಇದ್ದಂಗ, ನೀರ ಹರದ ಕಡೆ ಬಳಕ್ತಿತ್ತು. ಬಟ್ಟಿ ಒಗ್ಯೂದು ಬಿಟ್ಟು ಅದನ್ನ ನೋಡ್ಕೋತ ಕುಂದರ್ತಿದ್ದೆ. ನಮ್ಮಮ್ಮ ಬೈತಿದ್ಲು."

"ಪ್ಲಾಸ್ಟಿಕ್ ಹುಲ್ಲು ಸಿಗ್ತೈತಿ ಅಮ್ಮಾ, ತರ್ತೇನಿ."

"ಪ್ಲಾಸ್ಟಿಕ್ ನೀನ ಇಟ್ಕೊ. ನನಗ ಹೊಳೀದು ಬೇಕು. ಕಣ್ಣು ಇರೂದ್ರಾಗ ಒಮ್ಮಿ ನೋಡ್ಬೇಕು."

ಕೊನೆಯ ಮಾತನ್ನು ಅವಳು ಉಪ್ಪು ತಾ ಎನ್ನುವಷ್ಟು ಸಲೀಸಾಗಿ ಹೇಳಿದಳು. ಮರುದಿನವೇ ಅಗರಖೇಡಕ್ಕೆ ಹೋದೆ. ಪ್ಯಾಂಟು ಮೇಲೇರಿಸಿ ಹೊಳೆಗಿಳಿದು, ಮೊಣಕಾಲುದ್ದದ ನೀರಿನಲ್ಲಿ ಆ ಹುಲ್ಲನ್ನು ಬೇರು ಸಮೇತ ಕಿತ್ತು, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ತಂದೆ. ತೊಟ್ಟಿಯ ಮರಳಿನಲ್ಲಿ ನೆಟ್ಟಾಗ ಅಮ್ಮ ತೋಳೇರಿಸಿ ನೀರಿಗೆ ಕೈ ಹಾಕಿ ಎಸಳನ್ನು ಬೆರಳಿನಿಂದ ಸವರಿ, "ಇದ, ಇದ" ಎಂದಳು.

ವಾರ ಕಳೆಯುವುದರೊಳಗೆ ಹುಲ್ಲು ಕಂದಿತು. ಎಸಳುಗಳು ತುದಿಯಿಂದ ಕರಗಿ ಲೋಳೆಯಾದವು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ನಮ್ಮದು ಹಳೆಯ ಮಾಳಿಗೆ ಮನೆ. ಗೋಡೆ ಎತ್ತು ಮಲಗುವಷ್ಟು ದಪ್ಪ, ಕಿಟಕಿ ಹೆಸರಿಗೆ ಮಾತ್ರ. ನಮ್ಮ ಕಡೆಯ ಬಿಸಿಲನ್ನು ಒಳಗೆ ಬಿಟ್ಟುಕೊಳ್ಳಬಾರದೆಂದೇ ಹಿರಿಯರು ಹಾಗೆ ಕಟ್ಟಿದ್ದರು. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇದೆ. ಅದರಿಂದ ಬೀಳುವ ಬಿಸಿಲಿನ ತುಂಡು ದಿನವಿಡೀ ಪಡಸಾಲೆಯ ನೆಲದ ಮೇಲೆ ಸರಿದಾಡಿ, ಕಟ್ಟೆಯನ್ನು ಮುಟ್ಟದೆ ಹೊರಟುಹೋಗುತ್ತದೆ. ತೊಟ್ಟಿಯನ್ನು ಅಂಗಳಕ್ಕೆ ಒಯ್ದರೆ ಮಧ್ಯಾಹ್ನದ ಹೊತ್ತಿಗೆ ಮೀನಿನ ಸಾರೇ ಸಿದ್ಧವಾಗುತ್ತಿತ್ತು.

ಬೆಳಕು ತಾನೇ ಬೇಕಾದದ್ದು? ಅದು ನನ್ನ ಗೋದಾಮಿನ ತುಂಬ ಬಿದ್ದಿತ್ತು. ವೇದಿಕೆಗೆ ಹಾಕುವ ಫೋಕಸ್ ಲೈಟೊಂದನ್ನು ತಂದು ತೊಟ್ಟಿಯ ಮೇಲೆ ಕಟ್ಟಿ ಸ್ವಿಚ್ ಒತ್ತಿದೆ. ಮೀನುಗಳು ಒಂದೇ ನೆಗೆತಕ್ಕೆ ಕಲ್ಲಿನ ಹಿಂದೆ ಅಡಗಿದವು. ನೀರು ಉಗುರುಬೆಚ್ಚಗಾಗತೊಡಗಿತು. ಅಮ್ಮ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಮುಖ ತಿರುಗಿಸಿದಳು. "ಮೀನಿನ ಲಗ್ನ ಐತೇನು?" ಎಂದು ನನ್ನ ಹೆಂಡತಿ ಒಳಗಿನಿಂದ ಕೇಳಿದಳು. ನಾನು ವೈರ್ ಕಿತ್ತೆ.

ಆಮೇಲೆ ಫೋನಿನಲ್ಲಿ ಮೀನು ಸಾಕುವವರ ವೀಡಿಯೊಗಳನ್ನು ನೋಡುತ್ತ ಕೂತೆ. ಇಷ್ಟು ವರ್ಷ ದೀಪಗಳನ್ನು ಹೊತ್ತು ತಿರುಗಿದ ನಾನು, ಬೆಳಕು ಬಿದ್ದ ಕಡೆ ಏನಾಗುತ್ತದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹುಲ್ಲು ಬೆಳಕನ್ನು ತಿನ್ನುತ್ತದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನೆನಪಿತ್ತು. ಈಗ ಅದು ನನ್ನ ಮನೆಯ ಮಾತಾಗಿ ಎದುರು ನಿಂತಿತು. ನಾನು ಮಾಡಬೇಕಾದದ್ದು ನೋಡುವ ದೀಪವಲ್ಲ, ಉಣ್ಣಿಸುವ ದೀಪ. ಅದು ತೊಟ್ಟಿಯ ತಳ ಮುಟ್ಟಬೇಕು, ನೀರನ್ನು ಕಾಯಿಸಬಾರದು, ಎದುರು ಕೂತ ಅಮ್ಮನ ಕಣ್ಣಿಗೆ ಒಂದು ಎಳೆಯೂ ಬೀಳಬಾರದು.

ಸ್ಲೈಡಿಂಗ್ ಕಿಟಕಿಯ ಅಲ್ಯೂಮಿನಿಯಂ ಪಟ್ಟಿಯೊಂದು ಗೋದಾಮಿನಲ್ಲಿತ್ತು. ಅದನ್ನು ತೊಟ್ಟಿಯ ಉದ್ದಕ್ಕೆ ಕತ್ತರಿಸಿ ಉಜ್ಜಿ ಹೊಳಪು ಮಾಡಿದೆ. ಬಿಳಿಯ ಎಲ್‌ಇಡಿಗಳು, ನಡುನಡುವೆ ಕೆಲವು ಕೆಂಪು. ಒಂದೊಂದೂ ಬೇಳೆಯಷ್ಟು. ಅವುಗಳ ಬೆನ್ನಿಗೆ ಶಾಖ ಹೀರುವ ಅಂಟು ಸವರಿ ಪಟ್ಟಿಯ ಮೇಲೆ ಒತ್ತಿ ಕೂರಿಸಿದೆ. ದೀಪ ಕಾದರೆ ಆ ಬಿಸಿಯನ್ನು ಪಟ್ಟಿ ಎಳೆದುಕೊಂಡು ಗಾಳಿಗೆ ಬಿಡುತ್ತದೆ. ಕಾದ ಕಡ್ಡಿಯಿಂದ ತಂತಿಗಳನ್ನು ಬೆಸೆದೆ. ನೀರಿನ ಹಬೆ ತಾಗಬಾರದೆಂದು ಬೆಸುಗೆಗಳ ಮೇಲೆಲ್ಲ ಸಿಲಿಕಾನ್ ಮೆತ್ತಿದೆ. ಮನೆಯ ಕರೆಂಟನ್ನು ಇಳಿಸಿ ಕೊಡುವ ಅಡಾಪ್ಟರನ್ನು ತೊಟ್ಟಿಯಿಂದ ದೂರ ಗೋಡೆಗೆ ಏರಿಸಿದೆ. ಬೆಳಕು ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಒಂದು ಗುಬುಟು. ಕೊನೆಗೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಮುಂದಿನ ಅಂಚಿಗೆ ಸೂರಿನಂತೆ ಬಾಗಿಸಿ ಕಟ್ಟಿದೆ. ನಾನೇ ಮಣೆಯ ಮೇಲೆ ಕೂತು, ಅಮ್ಮನ ಎತ್ತರಕ್ಕೆ ತಲೆ ತಗ್ಗಿಸಿ, ಒಂದು ದೀಪವೂ ಕಣ್ಣಿಗೆ ಬೀಳದವರೆಗೆ ತಗಡನ್ನು ತಿದ್ದಿದೆ. ನನ್ನ ಕಸುಬಿನಲ್ಲಿ ದೀಪವನ್ನು ಮುಚ್ಚಿಡುವ ಕೆಲಸ ಎಂದೂ ಮಾಡಿರಲಿಲ್ಲ. ಕೈಗೆ ಅದು ಒಗ್ಗಲೇ ಇಲ್ಲ.

ನಡು ಮಧ್ಯಾಹ್ನ, ಹೊರಗೆ ಬಿಸಿಲು ಕಾದ ಹೆಂಚು. ಒಳಗೆ ಪಡಸಾಲೆ ಎಂದಿನಂತೆ ಮಬ್ಬು. ಗುಬುಟು ತಿರುಗಿಸಿದೆ. ದೀಪ ಹೊತ್ತಿದ್ದು ಕಾಣಲಿಲ್ಲ, ನೀರು ಹೊತ್ತಿತು. ಒಂದೊಂದು ಮೀನಿನ ನೆರಳೂ ಮರಳಿನ ಮೇಲೆ ಬೇರೆಯಾಗಿ ಈಜತೊಡಗಿತು. ಸತ್ತಿತೆಂದುಕೊಂಡ ಹುಲ್ಲಿನ ಬುಡದಲ್ಲಿ ಉಗುರಿನಷ್ಟು ಹಸಿರು ಉಳಿದಿತ್ತು, ಅದು ಒಳಗಿನಿಂದಲೇ ಬೆಳಗುವಂತೆ ಕಂಡಿತು. ಹಿಟ್ಟಿನ ಕೈಯಲ್ಲಿ ಬಂದ ಹೆಂಡತಿ ಕುಚೇಷ್ಟೆಗೆ ಏನೋ ಹೇಳಲು ಬಾಯಿ ತೆಗೆದವಳು ಹಾಗೇ ನಿಂತಳು. ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂದಾಗಲೇ ಅವಳು ಓಡಿದ್ದು. ನಾಲ್ಕು ತಾಲ್ಲೂಕಿನ ಮಂದಿ ನನ್ನ ದೀಪ ನೋಡಿ ಹುಬ್ಬೇರಿಸಿದ್ದಾರೆ. ನನ್ನ ದೀಪಕ್ಕೆ ನಾನೇ ಮಾತು ಕಳೆದುಕೊಂಡದ್ದು ಅದೇ ಮೊದಲು.

ಹುಲ್ಲು ಬದುಕಿತು. ಮೊದಲು ಒಂದು ಎಸಳು, ಸೂಜಿಯಷ್ಟು ಸಣ್ಣದು. ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು. ಬೆಳಿಗ್ಗೆ ಎದ್ದ ಕೂಡಲೆ ಅಮ್ಮ ಗಾಜಿಗೆ ಬೆರಳಿಟ್ಟು ನಿನ್ನೆ ಎಲ್ಲಿತ್ತು, ಇವತ್ತು ಎಲ್ಲಿಗೇರಿತು ಎಂದು ತೋರಿಸುತ್ತಿದ್ದಳು. ಮಣ್ಣಿಲ್ಲ, ಗೊಬ್ಬರವಿಲ್ಲ, ನಾನು ಕಟ್ಟಿದ ತಗಡಿನ ಕೆಳಗೆ ಬರೀ ಬೆಳಕು ಕುಡಿದು ಮೈ ಕಟ್ಟುತ್ತಿತ್ತು ಅದು. ಅದರ ಮುಂದೆ ನಿಂತಾಗಲೆಲ್ಲ ಮಸೀದಿಯ ಅಂಗಳದಲ್ಲಿ ನಿಂತಂತೆ ನನ್ನ ದನಿ ತಾನಾಗಿ ತಗ್ಗುತ್ತಿತ್ತು.

ಹುಲ್ಲಿಗೂ ವಿಶ್ರಾಂತಿ ಬೇಕು, ದೀಪ ಅತಿಯಾಗಬಾರದು ಎಂದು ಓದಿದ್ದೆ. ಹಾಗಾಗಿ ತಾನೇ ಹೊತ್ತಿ ತಾನೇ ಆರುವ ಟೈಮರ್ ಸ್ವಿಚ್ ತಂದು ಹಾಕಿದೆ. ಬೆಳಿಗ್ಗೆ ಬಿಸಿಲೇರಿದಾಗ ಹೊತ್ತುತ್ತದೆ, ಹೊತ್ತು ಮುಳುಗುವಾಗ ಆರುತ್ತದೆ. ಹೊರಗಿನ ಸೂರ್ಯನ ಲೆಕ್ಕವೇ ಒಳಗೂ ಇರಲಿ ಎಂದು ನನ್ನ ಜಾಣತನ. ಕೆಲಸದ ಮೇಲೆ ಸಿಂದಗಿ, ಯಂಕಂಚಿ ಎಂದು ಓಡಾಡುವವನು ಸಂಜೆ ಮನೆಯಲ್ಲಿ ಇರುತ್ತಲೇ ಇರಲಿಲ್ಲ.

ಅಷ್ಟರಲ್ಲಿ ನೀರು ಹಸಿರಾಗತೊಡಗಿತು. ಮೊದಲು ಗಾಜಿನ ಮೇಲೆ ತೆಳ್ಳಗೆ ಹಾವಸೆ. ಉಜ್ಜಿ ತೆಗೆದರೆ ಮತ್ತೆ. ಆಮೇಲೆ ನೀರಿಗೆ ನೀರೇ ಪಾಲಕದ ಸಾರಿನ ಬಣ್ಣಕ್ಕೆ ತಿರುಗಿತು. ಮೀನು ಎದುರಿಗೆ ಬಂದರಷ್ಟೇ ಕಾಣುತ್ತಿತ್ತು. ಹುಲ್ಲಂತೂ ಮಾಯ. ಬೋರಿನ ನೀರನ್ನು ಬೈದೆ, ಮೀನಿನ ಆಹಾರದ ಪೊಟ್ಟಣವನ್ನು ಬೈದೆ. ನೀರು ಬದಲಿಸಿದರೂ ಕೆಲ ದಿನಕ್ಕೆ ಮತ್ತೆ ಅದೇ ಬಣ್ಣ. ಅಮ್ಮ ಗಾಜಿಗೆ ಬೆರಳಿಟ್ಟು ತೋರಿಸುವುದನ್ನು ನಿಲ್ಲಿಸಿದಳು. ಅವಳಿಗೆ ಉಳಿದಿರುವುದೇ ಇಷ್ಟು ನೋಟ, ಅದೂ ಈ ಹಾವಸೆಯ ಪಾಲಾಯಿತಲ್ಲ ಎಂದುಕೊಂಡು ಮತ್ತೆ ಗಾಜು ಉಜ್ಜುತ್ತಿದ್ದೆ.

ಒಂದು ದಿನ ಮುದ್ದೇಬಿಹಾಳದ ಕಾರ್ಯಕ್ರಮವೊಂದು ಮುಂದಕ್ಕೆ ಹೋಯಿತು. ಕಟ್ಟಿದ ಹಗ್ಗ ಬಿಚ್ಚಿಕೊಂಡು ಇಳಿಸಂಜೆಗೇ ಮನೆ ಸೇರಿದೆ. ನಮ್ಮ ಮನೆಯಲ್ಲೊಂದು ರೂಢಿ ಇದೆ. ಮಗ್ರಿಬ್ ಹೊತ್ತಿಗೆ, ಅಂದರೆ ಸೂರ್ಯ ಮುಳುಗಿ ಮಸೀದಿಯ ಬಾಂಗ್ ಕೇಳುವಾಗ, ಮನೆಯ ಯಾವ ಮೂಲೆಯೂ ಕತ್ತಲಲ್ಲಿ ಇರಬಾರದು. ದೀಪ ಹಚ್ಚಿದವರು ಅಲ್ಲಿದ್ದವರಿಗೆ ಸಲಾಂ ಹೇಳಬೇಕು. ಬೇರೆಯವರ ಮನೆಯಲ್ಲೂ ಹೀಗೆಯೋ ನನಗೆ ಗೊತ್ತಿಲ್ಲ, ನಮ್ಮಲ್ಲಿ ಕಂದೀಲಿನ ಕಾಲದಿಂದ ನಡೆದು ಬಂದದ್ದು. ದೀಪ ಹಚ್ಚುವ ಕೆಲಸವನ್ನು ಅಮ್ಮ ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಟೈಮರ್ ಟಕ್ ಎಂದಿತು, ತೊಟ್ಟಿ ಕತ್ತಲಾಯಿತು. ಬಾಂಗ್ ಶುರುವಾಯಿತು. ಅಮ್ಮ ಗೋಡೆ ಹಿಡಿದು ಬಂದು ಅಡುಗೆಮನೆಯ ದೀಪ ಹಚ್ಚಿ ಹೆಂಡತಿಗೆ ಸಲಾಂ ಹೇಳಿದಳು. ಪಡಸಾಲೆಯ ಟ್ಯೂಬ್ ಹಚ್ಚಿದಳು. ಆಮೇಲೆ ತೊಟ್ಟಿಯ ಬಳಿ ಬಂದು, ಟೈಮರ್ ತಪ್ಪಿಸಲು ಅದರ ಬದಿಗಿರುವ ಗುಂಡಿಯನ್ನು ತಡವಿ ಒತ್ತಿದಳು. ದೀಪ ಹೊತ್ತಿತು. ಅವಳು ಮೀನುಗಳಿಗೂ ಸಲಾಂ ಹೇಳಿ ಮಣೆಯ ಮೇಲೆ ಕೂತಳು. ಹಾವಸೆಯ ಮೂಲ ಸಿಕ್ಕಿತು. ಬೆಳಿಗ್ಗೆಯಿಂದ ಉರಿದ ದೀಪವನ್ನು ಅವಳು ದಿನಾ ಸಂಜೆಯಿಂದ ಮಲಗುವವರೆಗೆ ಮತ್ತೆ ಉರಿಸುತ್ತಿದ್ದಳು. ಹುಲ್ಲಿಗೆ ಹೆಚ್ಚಾದ ಬೆಳಕನ್ನು ಹಾವಸೆ ತಿಂದು ಕೊಬ್ಬಿತ್ತು.

"ಅಮ್ಮಾ, ನೀರ ಕೆಟ್ಟದ್ದು ಇದಕ್ಕ ನೋಡು. ಟೈಮರ್ ಯಾಕ ಹಾಕೇನಿ ನಾನು?" ನನ್ನ ದನಿ ಏರಿತು.

"ಮಗ್ರಿಬ್ ಹೊತ್ತಿನ್ಯಾಗ ಆರೂ ದೀಪ ಎಂಥಾದ್ದು ಮಾಡಿಟ್ಟಿ? ಮನೀ ದೀಪ ಎಲ್ಲಾ ಹತ್ತೂ ಹೊತ್ತಿಗೆ ನಿಂದು ಆರ್ತೈತಿ."

"ಅದು ಹುಲ್ಲಿನ ದೀಪ, ಮನೀದಲ್ಲ."

ಅಮ್ಮ ತೊಟ್ಟಿಯಿಂದ ಮುಖ ತಿರುಗಿಸಲಿಲ್ಲ. "ಹೊತ್ತು ಮುಳುಗಿದ ಮ್ಯಾಲ ನಿನ್ನ ಟ್ಯೂಬಿನ ಬೆಳಕಿನ್ಯಾಗ ನನಗ ಏನೂ ಕಾಣೂದಿಲ್ಲಪಾ. ನಿನ್ನ ಮಾರಿನೂ ಕಾಣೂದಿಲ್ಲ. ಈ ಮನ್ಯಾಗ ಕಾಣೂದು ಇದೊಂದ."

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಅವಳ ಪಾಲಿಗೆ ಬರೀ ದನಿಯಾಗಿ ನಿಂತಿದ್ದೆ. ಅಡುಗೆಮನೆಗೆ ಹೋಗಿ ನೀರು ಕುಡಿದೆ. ಕಣ್ಣೊರೆಸಿಕೊಂಡದ್ದನ್ನು ಹೆಂಡತಿ ನೋಡಿದಳು.

ಮರುದಿನ ಟೈಮರಿನ ಲೆಕ್ಕವನ್ನೇ ಬದಲಿಸಿದೆ. ಹುಲ್ಲಿಗೆ ಬೇಕಾದದ್ದು ಬೆಳಕು, ಅದು ಯಾವ ಹೊತ್ತಿನದು ಎಂದು ಅದು ಕೇಳುವುದಿಲ್ಲ. ಬೆಳಿಗ್ಗೆ ಸ್ವಲ್ಪ ಹೊತ್ತು ಉರಿಯುತ್ತದೆ. ಮಧ್ಯಾಹ್ನ ಊರಿಗೆ ಊರೇ ಉಂಡು ಅಡ್ಡಾಗುವ ಹೊತ್ತಿನಲ್ಲಿ ಆರುತ್ತದೆ, ಹೇಗೂ ಆಗ ಕರೆಂಟೂ ಹೋಗಿರುತ್ತದೆ. ಸಂಜೆಯ ಪಾಳಿಗೆ ಟೈಮರ್ ಇಲ್ಲ. ಅದನ್ನು ಹಚ್ಚುವವಳು ಅಮ್ಮ, ಮಲಗುವಾಗ ಆರಿಸುವವಳೂ ಅವಳೇ. ಹೊರಗಿನ ಸೂರ್ಯನನ್ನು ಬಿಟ್ಟು ಮನೆಯ ರೂಢಿಗೆ ತೊಟ್ಟಿಯನ್ನು ಹೊಂದಿಸಿದೆ. ನೀರು ಬದಲಿಸುತ್ತ, ಗಾಜು ಉಜ್ಜುತ್ತ ಇದ್ದೆ. ಹಾವಸೆ ಮೆಲ್ಲಗೆ ಸೋತಿತು. ಹುಲ್ಲು ಮರಳಿನ ಕೆಳಗಿನಿಂದ ಬಳ್ಳಿ ಓಡಿಸಿ ಅಲ್ಲಲ್ಲಿ ಮರಿ ಹಾಕಿತು. ಹಳೆಯ ಎಸಳುಗಳು ನೀರಿನ ಮೇಲ್ಮೈ ಮುಟ್ಟಿ, ಅಲ್ಲಿಂದ ಬಾಗಿ ಮಲಗಿದವು.

ಈ ನಡುವೆ ಡಾಕ್ಟರರ ಬಳಿ ಇನ್ನೊಮ್ಮೆ ಹೋಗಿ ಬಂದೆವು. ಔಷಧಿ ತಪ್ಪಿರಲಿಲ್ಲ, ಆದರೂ ನೋಟ ಇನ್ನಷ್ಟು ಕಿರಿದಾಗಿತ್ತು. ಬಸ್ಸಿನಲ್ಲಿ ಬರುವಾಗ ಅಮ್ಮ ನನ್ನ ಮೊಣಕೈ ಹಿಡಿದು ಕೂತಿದ್ದಳು. "ಅಂಚಿಗೆ ಹೋದ ಮೀನು ಕಾಣೂದಿಲ್ಲ ಈಗ. ನಡಕ ಬಂದ್ರ ಕಾಣ್ತಾವು" ಎಂದಳು. ಮನೆಗೆ ಬಂದು ಉದ್ದ ಎಸಳಿನ ಗಿಡಗಳನ್ನೆಲ್ಲ ಅವಳ ಮಣೆಯ ನೇರಕ್ಕೆ, ತೊಟ್ಟಿಯ ನಟ್ಟನಡುವೆ ಸರಿಸಿ ನೆಟ್ಟೆ.

ಅದಾಗಿ ಕೆಲವು ವಾರಗಳ ನಂತರದ ಒಂದು ಸಂಜೆ. ಆ ದಿನ ನೀರು ಬದಲಿಸಿದ್ದೆ. ಅಮ್ಮ ದೀಪ ಹಚ್ಚಿ, ಸಲಾಂ ಹೇಳಿ, ಕೂತು ಬಹಳ ಹೊತ್ತಾಗಿತ್ತು. ನಾನು ಮೂಲೆಯಲ್ಲಿ ಬಲ್ಬಿನ ಸರ ರಿಪೇರಿ ಮಾಡುತ್ತಿದ್ದೆ.

"ಇಲ್ಲಿ ಬಾ. ಹುಲ್ಲು ಉಸರು ಬಿಡಾಕತ್ತೈತಿ."

ಎದ್ದು ಹೋದವನು ಕಸುಬಿನ ಚಟಕ್ಕೆ ಮೊದಲು ನನ್ನ ದೀಪವನ್ನೇ ನೋಡಿದೆ. ಯಾವುದಾದರೂ ಆರಿದೆಯೋ ಎಂದು.

"ಮ್ಯಾಲ ಏನ ನೋಡ್ತಿ? ಕೆಳಗ ನೋಡು."

ನೋಡಿದೆ. ಎಸಳುಗಳ ಮೈಮೇಲೆಲ್ಲ ಸಣ್ಣ ಗುಳ್ಳೆಗಳು ಕೂತಿದ್ದವು. ಕೂತಲ್ಲೇ ದುಂಡಗಾಗಿ, ಎಸಳನ್ನು ಬಿಟ್ಟು ಒಂದೊಂದಾಗಿ ಮೇಲೇಳುತ್ತಿದ್ದವು. ಒಂದು ಎಸಳನ್ನು ಮೀನು ಕಚ್ಚಿತ್ತು. ಆ ಗಾಯದಿಂದ ಗುಳ್ಳೆಗಳು ಕಡಿಯದ ದಾರದಂತೆ ಸಾಲಾಗಿ ಹೊರಟು ಮೇಲಿನ ಬೆಳಕಿನಲ್ಲಿ ಒಡೆಯುತ್ತಿದ್ದವು. ಗಾಳಿಯ ಪಂಪು ಇರಲಿಲ್ಲ, ಯಾರೂ ಊದುತ್ತಿರಲಿಲ್ಲ. ಅಗರಖೇಡದ ಹೊಳೆಯಿಂದ ಗೋಣಿತಟ್ಟಿನಲ್ಲಿ ಬಂದು, ಸತ್ತು ಬದುಕಿದ ಹುಲ್ಲು, ನಾನು ಕೊಟ್ಟ ಬೆಳಕನ್ನು ಉಂಡು ನಮ್ಮೆಲ್ಲರ ಉಸಿರಿಗೆ ಬೇಕಾದದ್ದನ್ನು ನನ್ನ ಕಣ್ಣೆದುರು ಹೊರಗೆ ಬಿಡುತ್ತಿತ್ತು. ಇದು ಹೊಲದಲ್ಲಿ, ಬೇವಿನ ಮರದಲ್ಲಿ, ಎಲ್ಲ ಕಡೆ ದಿನಾ ನಡೆಯುತ್ತಲೇ ಇರುತ್ತದೆ. ಆ ಮರಗಳಿಗೇ ನಾನು ಇಷ್ಟು ವರ್ಷ ಸರ ಸುತ್ತಿದ್ದೆ.

"ಹೊಳ್ಯಾಗ ಹಿಂಗ ಆಗ್ತಿತ್ತು" ಎಂದಳು ಅಮ್ಮ. "ಬಿಸಲು ನೆತ್ತಿ ಮ್ಯಾಲ ಬಂದಾಗ. ಹುಲ್ಲಿಗೂ ಜೀವ ಐತಿ ಅಂತ ನಾ ಯಾರ ಮುಂದೂ ಹೇಳಿರಲಿಲ್ಲ. ನಗ್ತಾರಂತ."

ಅವಳು ಮಣೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಅವಳಿಗೆ ತಾಗಿ ಕೂತೆ. ಅವಳ ತಲೆಯ ಎತ್ತರಕ್ಕೆ ಬಗ್ಗಿದೆ. ಆಮೇಲೆ ಅಂದು ಡಾಕ್ಟರರು ಹೇಳಿದಾಗ ಮಾಡಲಾಗದ್ದನ್ನು ಮಾಡಿದೆ. ಒಂದು ಕಣ್ಣು ಮುಚ್ಚಿ, ಮುಷ್ಟಿಯನ್ನು ಕೊಳವೆ ಮಾಡಿ ಇನ್ನೊಂದಕ್ಕೆ ಹಿಡಿದೆ.

ಪಡಸಾಲೆ ಹೋಯಿತು. ಗೋಡೆ, ಕಟ್ಟೆ, ತೊಟ್ಟಿಯ ಅಂಚು ಎಲ್ಲ ಹೋದವು. ನಾನು ಕಟ್ಟಿದ ದೀಪ ಇಲ್ಲವೇ ಇಲ್ಲ. ಉಳಿದದ್ದು ಒಂದೇ ಎಸಳು, ತಳದ ಮರಳಿನಿಂದ ಮೇಲಿನವರೆಗೆ, ಹಸಿರಾಗಿ, ಅದರ ಪಕ್ಕದಲ್ಲಿ ಏರುತ್ತಿರುವ ಗುಳ್ಳೆಗಳ ಸಾಲು. ಸುತ್ತಲೂ ಕತ್ತಲೆ ಇದ್ದದ್ದಕ್ಕೋ ಏನೋ, ಎರಡು ಕಣ್ಣಿನಿಂದ ನೋಡಿದ್ದಕ್ಕಿಂತ ಅದು ದೊಡ್ಡದಾಗಿ ಕಂಡಿತು.

ನನ್ನ ಮೊಣಕೈ ತಾಗಿ ಅಮ್ಮನಿಗೆ ನಾನು ಏನು ಮಾಡುತ್ತಿದ್ದೇನೆಂದು ಗೊತ್ತಾಯಿತು.

"ಕಾಣಸ್ತೇನು?" ಎಂದಳು.

"ಕಾಣಸ್ತೈತಿ ಅಮ್ಮಾ."

"ಹಂ. ನನಗೂ ಅಷ್ಟ ಕಾಣಸ್ತೈತಿ" ಎಂದು ಅವಳು ಮತ್ತೆ ಹುಲ್ಲಿನ ಕಡೆ ಮುಖ ಮಾಡಿದಳು. ನನಗೆ ಕೈ ಇಳಿಸಲು ಮನಸ್ಸಾಗಲಿಲ್ಲ.